ಧೂಳನ್ನು ಹುಟ್ಟಿದಲ್ಲೇ ಹಿಡಿಯಬೇಕು

ಮತ್ತಿಕೆರೆಯಲ್ಲಿ ಈಗ ಕಟ್ಟಡ ಕೆಲಸ ನಡೆಯದ ಬೀದಿ ಹುಡುಕುವುದು ಕಷ್ಟ. ಬಿಇಎಲ್, ಎಚ್‌ಎಂಟಿ ನೌಕರರು ಸಾಲ ಮಾಡಿ ಕಟ್ಟಿಸಿಕೊಂಡಿದ್ದ ಒಂದಂತಸ್ತಿನ ಮನೆಗಳು ಒಂದೊಂದಾಗಿ ನೆಲಕ್ಕುರುಳಿ, ಆ ಜಾಗದಲ್ಲಿ ನಾಲ್ಕೈದು ಅಂತಸ್ತಿನ ಪಿ.ಜಿ.ಗಳು ಏಳುತ್ತಿವೆ. ರಾತ್ರಿ ಟಿಪ್ಪರ್ ಬಂದು ಜಲ್ಲಿಯನ್ನೂ ಎಂ-ಸ್ಯಾಂಡನ್ನೂ ಸುರಿದು ಹೋಗುತ್ತದೆ. ಬೆಳಿಗ್ಗೆ ಅಕ್ಕಪಕ್ಕದವರು ಕಿಟಕಿ ಮುಚ್ಚಿ, ವಾಹನ ಒರೆಸಿ, ಕಂಟ್ರಾಕ್ಟರನ್ನು ಬೈಯುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಜಲ್ಲಿ ನಮ್ಮ ಬೀದಿ ಮುಟ್ಟುವ ಮೊದಲೇ ತನ್ನ ಅತ್ಯಂತ ಅಪಾಯಕಾರಿ ಧೂಳನ್ನು ಬೇರೆ ಕಡೆ ಬಿಟ್ಟು ಬಂದಿರುತ್ತದೆ. ಬಿಡದಿ, ತಾವರೆಕೆರೆ, ಚಿಕ್ಕಬಳ್ಳಾಪುರದ ಕಡೆಯ ಕ್ರಷರ್‌ಗಳಲ್ಲಿ, ಬೆಲ್ಟಿನ ಪಕ್ಕ ಟವೆಲು ಸುತ್ತಿಕೊಂಡು ನಿಂತ ಮನುಷ್ಯನ ಎದೆಯೊಳಗೆ.

ಆ ಮನುಷ್ಯನ ಪರವಾಗಿ ಈ ಲೇಖನ. ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಗೆ ಡ್ರಾಫ್ಟ್ಸ್‌ಮನ್ ಆಗಿ ಸೇರಿದವನು ನಾನು. ಧೂಳು ಎಳೆಯುವ ವ್ಯವಸ್ಥೆಯ ನಕ್ಷೆ ಬರೆಯುವುದು, ತಗಡು ಕತ್ತರಿಸಿ ಗಾಳಿಯ ಕೊಳವೆ, ಅಂದರೆ ಡಕ್ಟ್, ಮಾಡಿಸುವುದು, ಕ್ರಷರ್ ಇರುವಲ್ಲಿಗೆ ಹೋಗಿ ಅದನ್ನು ಕೂರಿಸಿ ಚಾಲೂ ಮಾಡಿಕೊಟ್ಟು ಬರುವುದು ನನ್ನ ಕಸುಬು. ಸಂಡೂರಿನ ಅದಿರು ಪುಡಿ ಮಾಡುವ ಘಟಕಗಳನ್ನೂ ಬೆಂಗಳೂರಿನ ಸುತ್ತಲ ಜಲ್ಲಿ ಕ್ರಷರ್‌ಗಳನ್ನೂ ಕೆಲಸದ ದಿನಗಳಲ್ಲಿ ಹತ್ತಿರದಿಂದ ಕಂಡಿದ್ದೇನೆ. ಆ ಕೆಲಸ ನನಗೆ ಕಲಿಸಿದ್ದು ಒಂದೇ ಮಾತು: ಧೂಳನ್ನು ಅದು ಹುಟ್ಟುವ ಬಾಯಲ್ಲೇ ಮುಚ್ಚಿ, ಎಳೆದು, ಹಿಡಿಯಬೇಕು. ಒಮ್ಮೆ ಹೊರಗೆ ಬಿಟ್ಟ ಮೇಲೆ ನೀರು ಚಿಮುಕಿಸಿದರೂ ಮಾಸ್ಕ್ ಹಂಚಿದರೂ ಗಿಡ ನೆಟ್ಟರೂ ಅದು ಕೈಗೆ ಸಿಗುವುದಿಲ್ಲ. ನಮ್ಮ ಕಾನೂನು, ನಮ್ಮ ತಪಾಸಣೆ, ನಮ್ಮ ಮಾಲೀಕರು ಮೊದಲ ಕೆಲಸವನ್ನು ಬಿಟ್ಟು ಕೊನೆಯ ಕೆಲಸಗಳನ್ನು ಮಾಡುತ್ತಿದ್ದಾರೆ.

ಏಕೆ ಕೈಗೆ ಸಿಗುವುದಿಲ್ಲ? ಕಣ್ಣಿಗೆ ಕಾಣುವ ಧೂಳು ದಪ್ಪ ಕಣ. ಅದು ಮೂಗಿನಲ್ಲೇ ತಡೆದು ನಿಲ್ಲುತ್ತದೆ, ಸೀನಿದರೆ, ಕೆಮ್ಮಿದರೆ ಹೊರಗೆ ಬರುತ್ತದೆ. ಹತ್ತು ಮೈಕ್ರಾನ್ ಗಾತ್ರದ ಕಲ್ಲಿನ ಕಣ ನಿಶ್ಚಲ ಗಾಳಿಯಲ್ಲಿ ಮೂಗಿನ ಎತ್ತರದಿಂದ ನೆಲಕ್ಕಿಳಿಯಲು ಮೂರ್ನಾಲ್ಕು ನಿಮಿಷ ಸಾಕು. ಒಂದು ಮೈಕ್ರಾನ್‌ನ ಕಣಕ್ಕೆ ಅದೇ ದೂರ ಇಳಿಯಲು ನಾಲ್ಕು ಗಂಟೆ ಬೇಕು. ಓಡಾಟ, ಗಾಳಿ, ಯಂತ್ರದ ಅದುರಾಟ ಇರುವ ಕ್ರಷರ್‌ನಲ್ಲಿ ಅದು ಪಾಳಿ ಮುಗಿಯುವ ತನಕ ತೇಲುತ್ತಲೇ ಇರುತ್ತದೆ. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುವುದೂ ಇದೇ ಕಣ. ಗ್ರಾನೈಟಿನಲ್ಲಿ, ಚಿನ್ನದ ಅದಿರಿನ ಬಿಳಿಗಲ್ಲಿನಲ್ಲಿ, ಸಂಡೂರಿನ ಕಬ್ಬಿಣದ ಅದಿರಿನ ಜೊತೆ ಬರುವ ಕ್ವಾರ್ಟ್ಜೈಟ್ ಪದರದಲ್ಲಿ ಸಿಲಿಕಾ ಇದೆ. ಆಗಷ್ಟೇ ಒಡೆದ ಸಿಲಿಕಾ ಹಳೆಯ ಧೂಳಿಗಿಂತ ಹೆಚ್ಚು ವಿಷಕಾರಿ. ಅದು ಶ್ವಾಸಕೋಶದಲ್ಲಿ ಗಂಟುಗಳನ್ನು ಕಟ್ಟುತ್ತದೆ. ಅದೇ ಸಿಲಿಕೋಸಿಸ್. ಅದನ್ನು ಗುಣಪಡಿಸುವ ಔಷಧ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯುತ್ತದೆ. ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚುತ್ತದೆ. ಅದರಿಂದಲೇ ಊರಿಗೆ ಮರಳಿದ ಕಾರ್ಮಿಕನಿಗೆ ಟಿ.ಬಿ. ಎಂದು ಮಾತ್ರ ಚೀಟಿ ಬರೆದುಕೊಟ್ಟು, ಕಲ್ಲಿನ ಮಾತೇ ಬಾರದೆ ಹೋಗುವುದುಂಟು. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ಸಿಲಿಕಾ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಇದೆಲ್ಲ ಕರ್ನಾಟಕಕ್ಕೆ ಹೊಸ ಸುದ್ದಿಯಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ಗುರುತಿಗೆ ಬಂದದ್ದೇ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಅಲ್ಲಿ ಭೂಮಿಯ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂದರು. ತಂತ್ರಜ್ಞಾನದಲ್ಲಿ ಅಷ್ಟು ಮುಂದಿದ್ದ ಆ ಊರಿನಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆಯನ್ನು ವೈದ್ಯರು ಪರೀಕ್ಷಿಸಿದಾಗ, ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ತೆಗೆದು ಬಿಟ್ಟ ಪುಡಿ ಸೈನೈಡ್ ಗುಡ್ಡಗಳಾಗಿ ಅಲ್ಲೇ ನಿಂತಿದೆ, ಗಾಳಿಗಾಲದಲ್ಲಿ ಊರಿನ ಮೇಲೆ ಹಾರುತ್ತದೆ. ಎಂಬತ್ತು ವರ್ಷದ ಹಿಂದೆ ನಮ್ಮ ನೆಲದಲ್ಲೇ ಬರೆದಿಟ್ಟ ಪಾಠ ಇಂದಿನ ಕ್ರಷರ್‌ಗಳಿಗೆ ತಲುಪಿಲ್ಲ ಎಂಬುದು ನನ್ನ ದೂರು.

ಕೆಲಸಕ್ಕೆ ಬರುವ ವ್ಯವಸ್ಥೆ ಹೇಗಿರುತ್ತದೆ ಎಂಬುದನ್ನು ಓದುಗರೂ ತಿಳಿದಿರಬೇಕು. ತಿಳಿದವರನ್ನು ಮೋಸ ಮಾಡುವುದು ಕಷ್ಟ.

ಲಾರಿ ಹಾಪರಿಗೆ ಕಲ್ಲು ಸುರಿಯುತ್ತದೆ. ಜಾ ಕ್ರಷರ್ ಅದನ್ನು ಕಚ್ಚಿ ಒಡೆಯುತ್ತದೆ. ಬೆಲ್ಟು ಅದನ್ನು ಕೋನ್ ಕ್ರಷರಿಗೆ, ಅಲ್ಲಿಂದ ಜರಡಿಗೆ, ಜರಡಿಯಿಂದ ರಾಶಿಗೆ ಒಯ್ಯುತ್ತದೆ. ಧೂಳು ಏಳುವುದು ಕಲ್ಲು ಒಡೆಯುವಾಗ ಮಾತ್ರ ಎಂದು ಹೆಚ್ಚಿನವರು ಭಾವಿಸುತ್ತಾರೆ. ಆದರೆ ಕಲ್ಲು ಬೀಳುವ ಪ್ರತಿ ಜಾಗದಲ್ಲೂ ಧೂಳು ಏಳುತ್ತದೆ. ಬೆಲ್ಟಿಗೆ ಕಲ್ಲು ಇಳಿಸುವ ಕೊಳವೆಯಾದ ಚ್ಯೂಟಿನೊಳಗೆ ಬೀಳುವ ಕಲ್ಲು ತನ್ನ ಜೊತೆ ಗಾಳಿಯನ್ನೂ ಎಳೆದುಕೊಂಡು ಬೀಳುತ್ತದೆ. ಕೆಳಗೆ ಬೆಲ್ಟಿಗೆ ಅಪ್ಪಳಿಸಿದಾಗ ಆ ಗಾಳಿಗೆ ಹೋಗಲು ದಾರಿಯಿಲ್ಲ. ಸಣ್ಣ ಪುಡಿಯನ್ನೆಲ್ಲ ಎತ್ತಿಕೊಂಡು ಸಂದುಗಳಿಂದ ಹೊರಗೆ ನುಗ್ಗುತ್ತದೆ. ಆದ್ದರಿಂದ ಮೊದಲ ಕೆಲಸ, ಗಾಳಿ ಒಳಗೆ ಹೋಗದ ಹಾಗೆ ಚ್ಯೂಟಿನ ಮೇಲಿನ ಬಾಯನ್ನು ರಬ್ಬರ್ ಪರದೆಯಿಂದ ಮುಚ್ಚುವುದು. ತೆರೆದ ಜಾಗ ಅರ್ಧವಾದರೆ ಒಳಗೆ ಎಳೆಯುವ ಗಾಳಿಯೂ ಅರ್ಧವಾಗುತ್ತದೆ. ಎರಡನೆಯದು, ಬೀಳುವ ಎತ್ತರ ಇಳಿಸುವುದು. ನಾಲ್ಕು ಮೀಟರಿನ ಎತ್ತರವನ್ನು ಎರಡು ಮೀಟರಿಗೆ ತಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಗಾಳಿ ಕಡಿಮೆಯಾಗುತ್ತದೆ. ಈ ಎರಡು ಕೆಲಸಕ್ಕೂ ಕರೆಂಟು ಬೇಡ. ಒಬ್ಬ ವೆಲ್ಡರ್, ಹಳೆಯ ಬೆಲ್ಟಿನ ರಬ್ಬರು, ನಾಲ್ಕು ಬೋಲ್ಟು ಇದ್ದರೆ ಆಯಿತು.

ಆಮೇಲೆ ಬರುವುದು ಎಳೆಯುವ ಕೆಲಸ. ಇಲ್ಲಿ ನಮ್ಮ ಘಟಕಗಳು ಮಾಡುವ ತಪ್ಪು ಪ್ರತಿ ಕಡೆಯೂ ಒಂದೇ. ಗಾಳಿ ಎಳೆಯುವ ಬಾಯಿಯಾದ ಹುಡ್ಡನ್ನು ಧೂಳಿನಿಂದ ದೂರ, ಮೇಲೆ, ಕೆಲಸಕ್ಕೆ ಅಡ್ಡಿಯಾಗದ ಜಾಗದಲ್ಲಿ ತೂಗುಹಾಕುತ್ತಾರೆ. ಬಾಯಿಂದ ಊದಿ ಮೊಳ ದೂರದ ದೀಪವನ್ನು ಆರಿಸಬಹುದು, ಉಸಿರು ಒಳಗೆಳೆದುಕೊಂಡು ಆರಿಸಲಾಗದು. ಎಳೆಯುವ ಗಾಳಿಯ ಬಲ ಬಾಯಿಂದ ದೂರವಾದಂತೆ ಅಷ್ಟು ಬೇಗ ಕುಗ್ಗುತ್ತದೆ. ಕೊಳವೆಯ ಅಗಲದಷ್ಟೇ ದೂರ ಸರಿದರೂ ವೇಗ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಧೂಳು ಏಳುವ ಜಾಗವನ್ನು ಪೆಟ್ಟಿಗೆಯಂತೆ ಸುತ್ತಲೂ ಮುಚ್ಚಿ, ಆ ಪೆಟ್ಟಿಗೆಯಿಂದಲೇ ಎಳೆಯಬೇಕು. ಉಳಿದ ಸಂದುಗಳಲ್ಲಿ ಗಾಳಿ ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗದಲ್ಲಿ ಒಳಗೆ ಹೋಗುತ್ತಿದ್ದರೆ ಧೂಳು ಹೊರಗೆ ಬರುವುದಿಲ್ಲ. ಡಕ್ಟಿನೊಳಗೆ ವೇಗ ಸೆಕೆಂಡಿಗೆ ಹದಿನೆಂಟು, ಇಪ್ಪತ್ತು ಮೀಟರ್ ಇರಬೇಕು. ಕಡಿಮೆಯಾದರೆ ಪುಡಿ ಡಕ್ಟಿನ ತಳದಲ್ಲೇ ಕೂತು ದಾರಿ ಕಟ್ಟುತ್ತದೆ. ಕೊನೆಗೆ ಬ್ಯಾಗ್ ಫಿಲ್ಟರ್. ಬಟ್ಟೆಯ ಚೀಲಗಳ ಮೂಲಕ ಗಾಳಿ ಸೋಸಿ ಹೋಗುತ್ತದೆ, ಪುಡಿ ಹೊರಮೈಯಲ್ಲಿ ನಿಲ್ಲುತ್ತದೆ, ಕಂಪ್ರೆಸರ್ ಗಾಳಿಯ ಹೊಡೆತಕ್ಕೆ ಕೆಳಗೆ ಉದುರುತ್ತದೆ. ಗಾಳಿಯನ್ನು ಸುಳಿಯಂತೆ ತಿರುಗಿಸಿ ಪುಡಿ ಬೇರ್ಪಡಿಸುವ ಸೈಕ್ಲೋನ್ ಅಗ್ಗ ಎಂದು ಅದನ್ನಷ್ಟೇ ಹಾಕಿಸಿಕೊಳ್ಳುವವರಿದ್ದಾರೆ. ಸೈಕ್ಲೋನ್ ದಪ್ಪ ಪುಡಿಯನ್ನು ಹಿಡಿದು, ಎದೆಗೆ ಹೋಗುವ ಸಣ್ಣ ಪುಡಿಯನ್ನು ಚಿಮಣಿಯಿಂದ ಬಿಟ್ಟುಬಿಡುತ್ತದೆ.

ನೀರಿನ ವಿಷಯವನ್ನೂ ಹೇಳಬೇಕು. ಸ್ಪ್ರೇ ಹಾಕಿದ್ದೇವೆ, ಇನ್ನೇನು ಬೇಕು ಎಂದು ಕೇಳುವ ಮಾಲೀಕರೇ ಹೆಚ್ಚು. ನೀರು ಖಂಡಿತ ಬೇಕು. ಕಲ್ಲು ಒಡೆಯುವ ಮೊದಲೇ ತೋಯಿಸಿದರೆ ಧೂಳು ಕಡಿಮೆ ಏಳುತ್ತದೆ. ಆದರೆ ಎದ್ದು ತೇಲುತ್ತಿರುವ ಸಣ್ಣ ಕಣವನ್ನು ದಪ್ಪ ಹನಿ ಹಿಡಿಯಲಾರದು. ಹನಿಯ ಸುತ್ತ ಹರಿಯುವ ಗಾಳಿಯೊಂದಿಗೆ ಆ ಕಣವೂ ಜಾರಿಹೋಗುತ್ತದೆ. ಕಣದಷ್ಟೇ ಸಣ್ಣ ಹನಿಯ ಮಂಜು ಬೇಕು, ಆ ಮಂಜೂ ಮುಚ್ಚಿದ ಜಾಗದಲ್ಲಿ ಬೇಕು. ಬಯಲಿನಲ್ಲಿ ಬಿಟ್ಟರೆ ಗಾಳಿ ಒಯ್ಯುತ್ತದೆ. ಜೊತೆಗೆ, ನೀರು ಹೆಚ್ಚಾದರೆ ಜರಡಿಯ ಕಣ್ಣು ಕಟ್ಟುತ್ತದೆ. ಆಗ ಪಾಳಿಯ ಮೇಸ್ತ್ರಿ ಮೊದಲು ತಿರುಗಿಸಿ ನಿಲ್ಲಿಸುವುದು ಆ ನಲ್ಲಿಯನ್ನೇ. ಬೇಸಿಗೆಯಲ್ಲಿ ಟ್ಯಾಂಕರಿನ ಕಾಸು ಉಳಿಸಲೂ ಅದೇ ನಲ್ಲಿ ನಿಲ್ಲುತ್ತದೆ.

ಮಾಸ್ಕಿನ ಮಾತು ಇನ್ನೂ ಸರಳ. ಏಪ್ರಿಲ್ ಬಿಸಿಲಿನಲ್ಲಿ, ಸಲಿಕೆ ಹಿಡಿದು, ಎಂಟು ಗಂಟೆ ಎನ್-95 ಹಾಕಿಕೊಂಡು ಕೆಲಸ ಮಾಡಿ ನೋಡಿದವರು ಮಾತ್ರ ಅದನ್ನು ಕಾರ್ಮಿಕನಿಗೆ ಉಪದೇಶಿಸಲಿ. ಬೆವರಿಗೆ ಒದ್ದೆಯಾದ ಮಾಸ್ಕಿನಲ್ಲಿ ಉಸಿರು ಕಟ್ಟುತ್ತದೆ. ಗಡ್ಡ ಇದ್ದರೆ ಅಂಚು ಕೂರುವುದಿಲ್ಲ. ಟವೆಲಂತೂ ಒಂದು ಮೈಕ್ರಾನಿನ ಕಣಕ್ಕೆ ತೆರೆದ ಬಾಗಿಲು. ಮಾಸ್ಕ್ ಇರಲಿ, ಬೇಡವೆನ್ನುವುದಿಲ್ಲ. ಮುಚ್ಚಳ, ಹುಡ್ಡು, ಫಿಲ್ಟರ್ ಎಲ್ಲ ಆದ ಮೇಲೂ ಉಳಿದ ಅಪಾಯಕ್ಕೆ ಅದು ಕೊನೆಯ ರಕ್ಷಣೆ. ಅದನ್ನೇ ಮೊದಲ ರಕ್ಷಣೆ ಮಾಡುವುದು ಮಾಲೀಕನ ಹೊಣೆಯನ್ನು ಕೂಲಿಯವನ ಮೂಗಿಗೆ ಕಟ್ಟಿದಂತೆ.

ನನ್ನನ್ನು ಅತಿ ಹೆಚ್ಚು ನೋಯಿಸಿದ್ದು, ವ್ಯವಸ್ಥೆ ಇದ್ದೂ ಓಡಿಸದಿರುವುದು. ಒಂದು ಘಟಕಕ್ಕೆ ನಾವೇ ಕೂರಿಸಿಕೊಟ್ಟಿದ್ದ ಬ್ಯಾಗ್ ಫಿಲ್ಟರನ್ನು ನೋಡಲು ಮುನ್ಸೂಚನೆ ಇಲ್ಲದೆ ರಾತ್ರಿ ಪಾಳಿಯಲ್ಲಿ ಹೋದೆ. ಕ್ರಷರ್ ಓಡುತ್ತಿತ್ತು, ಗಾಳಿ ಎಳೆಯುವ ಬ್ಲೋವರ್ ನಿಂತಿತ್ತು. ಟಾರ್ಚಿನ ಬೆಳಕನ್ನು ಎದುರಿನಿಂದ ನನ್ನ ಕಡೆ ಹಿಡಿಯಲು ಹೇಳಿದೆ. ಬರಿಗಣ್ಣಿಗೆ ತಿಳಿಯಾಗಿ ಕಾಣುತ್ತಿದ್ದ ಗಾಳಿಯಲ್ಲಿ ಸಣ್ಣ ಪುಡಿ ಹಾಲಿನ ಹೊಳೆಯಂತೆ ತೇಲುತ್ತಿತ್ತು. ಅದರ ನಡುವೆ ಹುಡುಗರು ಬೆಲ್ಟಿನ ಕೆಳಗೆ ಉದುರಿದ ಪುಡಿ ಗುಡಿಸುತ್ತಿದ್ದರು. ಒಡಿಶಾದಿಂದಲೋ ಜಾರ್ಖಂಡದಿಂದಲೋ ಬಂದವರು, ಮೀಸೆ ಈಗಷ್ಟೇ ಮೂಡಿದವರು. ಬ್ಲೋವರ್ ಏಕೆ ನಿಂತಿದೆ ಎಂದರೆ, “ಸಾರ್, ಕರೆಂಟ್ ಬಿಲ್ಲು” ಎಂದ ಸೂಪರ್‌ವೈಸರ್. ಅಧಿಕಾರಿಗಳು ಬರುವ ದಿನ ಅದು ಓಡುತ್ತದಂತೆ.

ಆ ಬಿಲ್ಲನ್ನು ಲೆಕ್ಕ ಹಾಕೋಣ. ಗಂಟೆಗೆ ನೂರು ಟನ್ ಒಡೆಯುವ ಘಟಕಕ್ಕೆ ಐವತ್ತು ಎಚ್‌ಪಿ, ಅಂದರೆ 37 ಕಿಲೋವ್ಯಾಟ್‌ನ ಬ್ಲೋವರ್ ಎಂದಿಟ್ಟುಕೊಳ್ಳಿ. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೆ ಗಂಟೆಗೆ ಸುಮಾರು ಮುನ್ನೂರು ರೂಪಾಯಿ. ಟನ್ನಿಗೆ ಮೂರು ರೂಪಾಯಿ. ಇಪ್ಪತ್ತು ಟನ್ನಿನ ಒಂದು ಲಾರಿ ಜಲ್ಲಿಗೆ ಅರವತ್ತು ರೂಪಾಯಿ. ಚೀಲ ಬದಲಿಸುವ ಖರ್ಚು, ಕಂಪ್ರೆಸರ್, ನೋಡಿಕೊಳ್ಳುವ ಒಬ್ಬ ಫಿಟ್ಟರನ ಸಂಬಳ ಸೇರಿಸಿ ಇದನ್ನು ಎರಡು ಪಟ್ಟು ಮಾಡಿ. ಆಗಲೂ ಲಾರಿಗೆ ನೂರಿಪ್ಪತ್ತು ರೂಪಾಯಿ. ನಮ್ಮ ಬೀದಿಯ ಪಿ.ಜಿ. ಕಟ್ಟುವವನಿಗೆ ಆ ಮೊತ್ತ ಗೊತ್ತೂ ಆಗುವುದಿಲ್ಲ. ಒಬ್ಬ ಹುಡುಗನ ಶ್ವಾಸಕೋಶವನ್ನು ನಾವು ಅಷ್ಟಕ್ಕೆ ಮಾರಿಕೊಳ್ಳುತ್ತಿದ್ದೇವೆ.

ಇನ್ನು ಕಾನೂನು. ಬೆಂಗಳೂರಿನಲ್ಲೇ ಮೂರು ಭವನಗಳಿವೆ. ರೇಸ್‌ಕೋರ್ಸ್ ರಸ್ತೆಯ ಖನಿಜ ಭವನ ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ಚರ್ಚ್ ಸ್ಟ್ರೀಟಿನ ಪರಿಸರ ಭವನ ಮಾಲಿನ್ಯ ನಿಯಂತ್ರಣ ಮಂಡಳಿಯದು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಖಾನೆಗಳ ಸುರಕ್ಷತೆ ನೋಡುವ ಇಲಾಖೆ. ಕ್ರಷರ್ ಎಂದರೆ 2011ರ ಕರ್ನಾಟಕ ಕಲ್ಲು ಪುಡಿ ಮಾಡುವ ಘಟಕಗಳ ನಿಯಂತ್ರಣ ಕಾಯ್ದೆ ನೆನಪಾಗುತ್ತದೆ. ಅದರ ಮುಖ್ಯ ಚಿಂತೆ ಘಟಕ ಊರಿನಿಂದ, ಹೆದ್ದಾರಿಯಿಂದ ಎಷ್ಟು ದೂರ ಇರಬೇಕು ಎಂಬುದು. ಅದು ಅಗತ್ಯವೇ, ಆದರೆ ಊರಿನಿಂದ ಎಷ್ಟು ದೂರ ಒಯ್ದರೂ ಬೆಲ್ಟಿನ ಪಕ್ಕ ನಿಂತವನು ಅಲ್ಲೇ ಇರುತ್ತಾನೆ. ಪರಿಸರ ಕಾನೂನಿನಡಿ ಕ್ರಷರಿಗೆ ಇರುವ ಮಿತಿ, ಯಂತ್ರದಿಂದ ಮೂರರಿಂದ ಹತ್ತು ಮೀಟರ್ ದೂರದಲ್ಲಿ ಅಳೆದಾಗ ಘನಮೀಟರಿಗೆ 600 ಮೈಕ್ರೋಗ್ರಾಂ ತೇಲುವ ಧೂಳು. ಅದು ಎಲ್ಲ ಗಾತ್ರದ ಧೂಳಿನ ಒಟ್ಟು ತೂಕ. ಅದರಲ್ಲಿ ಎದೆಗಿಳಿಯುವ ಸಿಲಿಕಾ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ.

ಎದೆಗಿಳಿಯುವ ಧೂಳಿನ ಮಿತಿಗೆ 1948ರ ಕಾರ್ಖಾನೆ ಕಾಯ್ದೆಯ ಅನುಬಂಧ ಒಂದು ಸೂತ್ರ ಕೊಟ್ಟಿತ್ತು. ಆ ಧೂಳಿನಲ್ಲಿರುವ ಕ್ವಾರ್ಟ್ಜ್‌ನ ಶೇಕಡಾವಾರಿಗೆ ಎರಡು ಕೂಡಿಸಿ, ಹತ್ತನ್ನು ಅದರಿಂದ ಭಾಗಿಸಬೇಕು. ಧೂಳಿನಲ್ಲಿ ನೂರಕ್ಕೆ ಮೂವತ್ತು ಕ್ವಾರ್ಟ್ಜ್ ಇದ್ದರೆ ಘನಮೀಟರಿಗೆ 0.31 ಮಿಲಿಗ್ರಾಂ. ಅದರಲ್ಲಿ ಸಿಲಿಕಾ ಸುಮಾರು 94 ಮೈಕ್ರೋಗ್ರಾಂ. ಅಮೆರಿಕ 2016ರಲ್ಲಿ ತನ್ನ ಕಾರ್ಖಾನೆಗಳಿಗೆ ವಿಧಿಸಿದ ಮಿತಿ 50. ನಮ್ಮದು ಹೆಚ್ಚುಕಡಿಮೆ ಅದರ ಎರಡರಷ್ಟು. ಆ ಸಡಿಲ ಮಿತಿಯನ್ನಾದರೂ ಪಾಲಿಸುತ್ತಿದ್ದೇವೆಯೇ ಎಂದು ತಿಳಿಯಲು ಕಾರ್ಮಿಕನ ಸೊಂಟಕ್ಕೆ ಸಣ್ಣ ಪಂಪು, ಕಾಲರಿಗೆ ಫಿಲ್ಟರ್ ಸಿಕ್ಕಿಸಿ ಪೂರ್ತಿ ಪಾಳಿಯ ಉಸಿರನ್ನು ಅಳೆಯಬೇಕು. ನಾನು ಕೆಲಸ ಮಾಡಿದ ಜಲ್ಲಿ ಕ್ರಷರ್‌ಗಳಲ್ಲಿ ಅಂಥ ಪಂಪು ಸಿಕ್ಕಿಸಿಕೊಂಡ ಒಬ್ಬ ಕೂಲಿಯನ್ನೂ ನಾನು ಕಾಣಲಿಲ್ಲ. ಮೂರು ಭವನಗಳ ನಡುವೆ ಅವನ ಉಸಿರು ಯಾರ ಕಡತಕ್ಕೂ ಸೇರದೆ ಉಳಿದಿದೆ.

2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕಲ್ಲುಗಣಿಯ ಸ್ಫೋಟಕ ಸಿಡಿದು ಜನ ಸತ್ತಾಗ ಇಡೀ ಸರ್ಕಾರ ಎದ್ದು ನಿಂತಿತು. ಮಂತ್ರಿಗಳು ಓಡಿದರು, ತನಿಖೆ ನಡೆಯಿತು. ಧೂಳು ಹಾಗೆ ಸದ್ದು ಮಾಡಿ ಕೊಲ್ಲುವುದಿಲ್ಲ. ಹತ್ತು, ಹದಿನೈದು ವರ್ಷ ತೆಗೆದುಕೊಂಡು, ಬೇರೆ ರಾಜ್ಯದ ಯಾವುದೋ ಹಳ್ಳಿಯಲ್ಲಿ, ಬೇರೆ ರೋಗದ ಹೆಸರಿನಲ್ಲಿ ಕೊಲ್ಲುತ್ತದೆ. ಆ ಸಾವು ಕರ್ನಾಟಕದ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ಅದರ ಹೊಣೆ ನಮ್ಮದಲ್ಲವೇ?

ಸರ್ಕಾರದ ಮುಂದೆ ನಾನು ಇಡುವ ಬೇಡಿಕೆ ನಾಲ್ಕೇ. ಮೊದಲನೆಯದು, ಬ್ಲೋವರ್ ಓಡದಿದ್ದರೆ ಕ್ರಷರಿನ ಮೋಟಾರೇ ಚಾಲೂ ಆಗದಂತೆ ವಿದ್ಯುತ್ ಬೀಗ ಕಡ್ಡಾಯವಾಗಲಿ. ಪ್ಯಾನೆಲ್ಲಿನಲ್ಲಿ ಒಂದು ಕಾಂಟ್ಯಾಕ್ಟರ್, ಒಂದಿಷ್ಟು ತಂತಿ, ಒಬ್ಬ ಎಲೆಕ್ಟ್ರಿಷಿಯನ್ನನ ಅರ್ಧ ದಿನದ ಕೆಲಸ. ಚೀಲಗಳು ಕಟ್ಟಿವೆಯೋ ಹರಿದಿವೆಯೋ ತೋರಿಸುವ ಒತ್ತಡದ ಮಾಪಕವೂ ಅದರ ಜೊತೆ ಇರಲಿ, ಪ್ರತಿ ಪಾಳಿಯ ಅಂಕಿ ರಿಜಿಸ್ಟರಿಗೆ ಬರಲಿ. ಎರಡನೆಯದು, ಪರವಾನಗಿ ನವೀಕರಿಸುವಾಗ ಕಾರ್ಮಿಕನ ಉಸಿರಿನ ಅಳತೆಯ ವರದಿ ಕೇಳಲಿ. ಮೂರನೆಯದು, ಪ್ರತಿ ಕ್ರಷರ್ ಕಾರ್ಮಿಕನಿಗೂ, ಗುತ್ತಿಗೆಯವನಿಗೂ ವಲಸೆಯವನಿಗೂ, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಆಗಲಿ, ಅದರ ಪ್ರತಿ ಅವನ ಕೈಗೇ ಸಿಗಲಿ. 2015ರಿಂದ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ರಾಜಸ್ಥಾನ 2019ರಲ್ಲೇ ಧೂಳಿನ ಶ್ವಾಸಕೋಶ ರೋಗಗಳಿಗೆಂದು ನೀತಿ ರೂಪಿಸಿ ಪರಿಹಾರದ ದಾರಿ ಮಾಡಿತು. ಆ ದಾರಿ ನಮ್ಮ ರಾಜ್ಯದ ಪ್ರತಿ ಕ್ರಷರಿನ ಬಾಗಿಲಿಗೂ ಬರಬೇಕು. ನಾಲ್ಕನೆಯದು, ಸಣ್ಣ ಮಾಲೀಕರಿಗೆ ತಾಂತ್ರಿಕ ನೆರವು. ಅವರಲ್ಲಿ ಬಹಳ ಮಂದಿ ಕೆಟ್ಟವರಲ್ಲ, ಸರಿಯಾದ ಹುಡ್ ಹೇಗಿರುತ್ತದೆ ಎಂದು ಅವರಿಗೆ ಯಾರೂ ತೋರಿಸಿಲ್ಲ.

ತೋರಿಸುವವರು ನಮ್ಮ ಸುತ್ತಲೇ ಇದ್ದಾರೆ. ಮತ್ತಿಕೆರೆಯಿಂದ ಯಶವಂತಪುರ ದಾಟಿ ಗೊರಗುಂಟೆಪಾಳ್ಯಕ್ಕೆ ಹೋದರೆ ಭಾರತೀಯ ಗಣಿ ಬ್ಯೂರೋದ ಅದಿರು ಸಂಸ್ಕರಣಾ ಪ್ರಯೋಗಾಲಯವಿದೆ. ಅಲ್ಲಿಂದ ಮುಂದೆ ಪೀಣ್ಯದಲ್ಲಿ ಡಕ್ಟ್, ಬ್ಲೋವರ್, ಫಿಲ್ಟರ್ ಮಾಡುವ ಸಣ್ಣ ಕಾರ್ಖಾನೆಗಳಿವೆ. ದೇವನಹಳ್ಳಿ ಬಳಿಯ ಕಣ್ಣಮಂಗಲದಲ್ಲಿ ಐಸಿಎಂಆರ್‌ನ ಔದ್ಯೋಗಿಕ ಆರೋಗ್ಯ ಕೇಂದ್ರವಿದೆ. ನಮ್ಮ ಬಡಾವಣೆಗೆ ಅಂಟಿಕೊಂಡೇ ಒಂದು ಎಂಜಿನಿಯರಿಂಗ್ ಕಾಲೇಜು, ಒಂದು ವೈದ್ಯಕೀಯ ಕಾಲೇಜು, ಕೂಗಳತೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. ಇಷ್ಟು ಜ್ಞಾನ ಇಷ್ಟು ಹತ್ತಿರ ಇರುವ ಊರು ದೇಶದಲ್ಲಿ ಇನ್ನೊಂದು ಇರಲಾರದು. ಇವರನ್ನೆಲ್ಲ ಒಂದೆಡೆ ಕೂರಿಸಿ, ಗಂಟೆಗೆ ಐವತ್ತು ಟನ್, ನೂರು ಟನ್, ಇನ್ನೂರು ಟನ್ ಘಟಕಗಳಿಗೆ ಮಾದರಿ ನಕ್ಷೆ ಬರೆಸಿ ಕನ್ನಡದಲ್ಲಿ ಹಂಚಲು ಸರ್ಕಾರಕ್ಕೆ ಒಂದು ಆದೇಶ ಸಾಕು.

ಕ್ರಷರ್ ನಡೆಸುವವರಿಗೆ ಒಂದು ಮಾತು. ನಿಮ್ಮ ಹುಡ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ನನ್ನಂಥವರು ಬರಬೇಕಿಲ್ಲ. ಒಂದು ಊದುಕಡ್ಡಿ ಹಚ್ಚಿ ಚ್ಯೂಟಿನ ಸಂದಿನ ಬಳಿ ಹಿಡಿಯಿರಿ. ಹೊಗೆ ನೇರವಾಗಿ ಒಳಗೆ ಹೋದರೆ ಸರಿ. ಅಲೆದಾಡಿದರೆ, ಹೊರಗೆ ಬಂದರೆ, ನಿಮ್ಮ ಜನ ಕಲ್ಲು ಉಸಿರಾಡುತ್ತಿದ್ದಾರೆ.

ಮನೆ ಕಟ್ಟಿಸುವವರಿಗೂ ಒಂದು ಮಾತು. ಜಲ್ಲಿ ತರಿಸುವಾಗ ನಾವು ಗಾತ್ರ ಕೇಳುತ್ತೇವೆ, ದರ ಕೇಳುತ್ತೇವೆ, ಮಣ್ಣು ಬೆರೆತಿದೆಯೇ ಎಂದು ಕೈಯಾಡಿಸಿ ನೋಡುತ್ತೇವೆ. ಇನ್ನು ಮುಂದೆ, ಇದನ್ನು ಒಡೆದ ಕಡೆ ಬ್ಲೋವರ್ ಓಡುತ್ತದೆಯೇ ಎಂದೂ ಕೇಳಿ. ಕೇಳುವವರು ಹೆಚ್ಚಾದರೆ ಓಡಿಸುವವರೂ ಹೆಚ್ಚುತ್ತಾರೆ. ಲಾರಿಗೆ ನೂರಿಪ್ಪತ್ತು ರೂಪಾಯಿ ಹೆಚ್ಚು ಕೊಡಬೇಕಾಗಿ ಬಂದರೆ ಚೌಕಾಸಿ ಮಾಡದೆ ಕೊಡಿ.